ನೀರಿನ ಜಾಡು – 7: ಸಾಸಿವೆ ಗಾತ್ರದ ಬಸವನಹುಳು

ಮೊದಲ ಫೋಟೋದ ನೀಲಿ ನೋಡಿ ಎಡಿಟ್ ಮಾಡಿದ್ದೀನಿ ಅಂದ್ಕೋಬೇಡಿ. ನೀರೇ ಹಂಗಿದೆ. ಅಮೆರಿಕದ ನೆವಾಡಾ ರಾಜ್ಯದಲ್ಲಿ, ಲಾಸ್ ವೇಗಸ್‌ನಿಂದ ಸುಮಾರು 145 ಕಿ.ಮೀ. ದೂರದಲ್ಲಿರೋ ಆಶ್ ಮೆಡೋಸ್. ಸುತ್ತ ಮರುಭೂಮಿ, ಪಕ್ಕದಲ್ಲೇ ಡೆತ್ ವ್ಯಾಲಿ. ನಡುವೆ ಈ ಕ್ರಿಸ್ಟಲ್ ಸ್ಪ್ರಿಂಗ್. ನಿಮಿಷಕ್ಕೆ ಸುಮಾರು 10 ಸಾವಿರ ಲೀಟರ್ ನೀರು, ಯಾವ ಮೋಟಾರೂ ಇಲ್ಲದೆ. ಪಾವಗಡದ ಕಡೆಯವಳು ನಾನು, ಹಲಗೆ ಹಾದಿ ಮೇಲೆ ಸುಮ್ಮನೆ ನಿಂತುಬಿಟ್ಟೆ. ಹೀಗೆ ತಾನಾಗೇ ಉಕ್ಕೋ ನೀರಿಗೆ ನಮ್ಮೂರಲ್ಲಿ ತಲಪರಿಗೆ ಅಂತಾರೆ.

ಫೋಟೋದಲ್ಲಿ ಹುಳು ಹುಡುಕಬೇಡಿ, ಕಾಣಲ್ಲ. ಸಾಸಿವೆ ಕಾಳಿಗಿಂತ ಚೂರು ದಪ್ಪ, ಎರಡು ಮೂರು ಮಿಲಿಮೀಟರ್ ಅಷ್ಟೇ. ಈ ಪೈರ್ಗುಲಾಪ್ಸಿಸ್ ಕುಲದಲ್ಲಿ 130ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲಾ ಉತ್ತರ ಅಮೆರಿಕದವು. ಇಲ್ಲಿನ ಫೇರ್‌ಬ್ಯಾಂಕ್ಸ್ ಅನ್ನೋ ಬುಗ್ಗೆಯ ಹುಳು ಆ ಒಂದು ಬುಗ್ಗೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಯಾಕೆ? ಇವು ಕಿವಿರಿನಿಂದ ಉಸಿರಾಡ್ತವೆ, ನೀರು ಬಿಟ್ಟು ಬದುಕಲ್ಲ. ನಾವು ಹತ್ತು ನಿಮಿಷದಲ್ಲಿ ನಡೆದು ದಾಟೋ ಒಣನೆಲ ಅದಕ್ಕೆ ಸಮುದ್ರ ಇದ್ದಹಾಗೆ.

ಚಿಪ್ಪು ನೋಡಿ ಜಾತಿ ಹೇಳೋದು ಕಷ್ಟ. ಅದಕ್ಕೇ ವಿಜ್ಞಾನಿಗಳು ಗಂಡಿನ ಜನನಾಂಗದ ಮೇಲಿರೋ ಗ್ರಂಥಿಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರೆ ಮಾಡ್ತಾರೆ. ಕೆಲವು ಜಾತಿಗಳ ಹೆಸರೂ ಆ ಗ್ರಂಥಿಯ ಮೇಲೇ ಇದೆ. (ನಗಬೇಡಿ, ಅದೂ ಒಂದು ಕೆಲಸ.)

ಎರಡನೇ ಫೋಟೋದ ಬೆಟ್ಟ ನೋಡಿ. ಸುಣ್ಣದಕಲ್ಲು, ಅಂದ್ರೆ ಒಂದು ಕಾಲದ ಸಮುದ್ರದ ತಳ. ಆಮೇಲೆ ಇಲ್ಲಿನ ನೆಲ ರೊಟ್ಟಿ ಹಿಟ್ಟು ಎಳೆದಂಗೆ ಜಗ್ಗಿ, ಬಿರುಕುಬಿಟ್ಟು, ಒಂದು ಸಾಲು ಬೆಟ್ಟ ಒಂದು ಸಾಲು ಕಣಿವೆ ಆಯ್ತು. ಬೆಟ್ಟದ ಮೇಲೆ ಬಿದ್ದ ಮಳೆ, ಹಿಮ ಕಲ್ಲಿನ ಸೀಳಿನೊಳಗೆ ಸಾವಿರಾರು ವರ್ಷ ಸಾಗಿ, ಭೂಮಿ ಬಿರುಕುಬಿಟ್ಟು ಜರುಗಿದ ಕಡೆ ತಡೆದು ಮೇಲೇಳುತ್ತೆ. ಬುಗ್ಗೆಗಳೆಲ್ಲ ಒಂದೇ ಸಾಲಲ್ಲಿರೋದು ಅದಕ್ಕೇ.

ಹಿಮಯುಗದಲ್ಲಿ ಡೆತ್ ವ್ಯಾಲಿ ತುಂಬಾ ದೊಡ್ಡ ಸರೋವರ ಇತ್ತು. ಅದು ಒಣಗಿದಾಗ ಹುಳುಗಳು ಬುಗ್ಗೆಬುಗ್ಗೆಗೆ ಹಂಚಿಹೋದವು ಅಂತ ಹೇಳೋದು ಸುಲಭ. ಡಿಎನ್‌ಎ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಎಷ್ಟೋ ವಂಶಗಳ ನಡುವಿನ ಅಂತರ ಆ ಸರೋವರಕ್ಕಿಂತ ಬಹಳ ಹಳೇದು, ಬೆಟ್ಟ ಕಣಿವೆ ಏಳ್ತಾ ಇದ್ದ ಕಾಲದ್ದು. ಮೈಕ್ರೋಕಾಕಸ್ ಅಂತ ಒಂದೇ ಜಾತಿ ಅಂದ್ಕೊಂಡಿದ್ದ ಹುಳುಗಳನ್ನ ಸ್ಮಿತ್ಸೋನಿಯನ್‌ನ ರಾಬರ್ಟ್ ಹರ್ಷ್‌ಲರ್ ಮತ್ತು ಜೊತೆಗಾರರು 2003ರಲ್ಲಿ ಪರೀಕ್ಷೆ ಮಾಡಿದಾಗ, ಒಂದೇ ಮುಖದ ಹಿಂದೆ ಹಲವು ಬೇರೆಬೇರೆ ವಂಶ ಅಡಗಿದ್ದು ಗೊತ್ತಾಯ್ತು. ಹಾಗಾಗಿ ಒಂದು ಬುಗ್ಗೆ ಬತ್ತಿದ್ರೆ ಪಕ್ಕದ್ದರಿಂದ ನಾಲ್ಕು ಹುಳು ತಂದು ಬಿಟ್ಟರೆ ಸರಿಹೋಗಲ್ಲ. ಪಕ್ಕದ್ದು ನೋಡೋಕೆ ಒಂದೇ ಥರ, ವಂಶ ಬೇರೆ.

ಬತ್ತೋ ಪರಿಸ್ಥಿತಿ ಇಲ್ಲೂ ಬಂದಿತ್ತು. ಹೊಲಕ್ಕೆ ಪಂಪ್ ಹಾಕಿ ನೀರೆತ್ತಿದ್ದಕ್ಕೆ ಪಕ್ಕದ ಡೆವಿಲ್ಸ್ ಹೋಲ್ ಗುಹೆಯ ನೀರು ಇಳಿದು, ಅಲ್ಲಿನ ಪುಟ್ಟ ಮೀನಿನ ಪರವಾಗಿ ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು. 1976ರಲ್ಲಿ ಮೀನು ಗೆದ್ದಿತು. 1984ರಲ್ಲಿ ಆಶ್ ಮೆಡೋಸ್ ವನ್ಯಧಾಮ ಆಯ್ತು. ಹುಳುಗಳು ಮೀನಿನ ನೆರಳಲ್ಲಿ ಉಳ್ಕೊಂಡವು.

ನಮ್ಮೂರ ತಲಪರಿಗೆಗೆ ಯಾರೂ ಕೇಸು ಹಾಕಲಿಲ್ಲ. ಊರವರೆಲ್ಲ ಸೇರಿ ಹೂಳು ತೆಗೆದು, ಗಂಗಮ್ಮನಿಗೆ ಪೂಜೆ ಮಾಡ್ತಿದ್ದದ್ದು ನನಗೆ ನೆನಪಿದೆ. ಅದರ ಮೇಲ್ಗಡೆ ಹೊಲದಲ್ಲಿ ಮೊದಲು ಬೋರ್ ಕೊರೆಸಿದ್ದು ನಮ್ಮಪ್ಪನೇ. 180 ಅಡಿಗೆ ನೀರು ಬಿತ್ತು, ನಾವು ಕುಣಿದ್ವಿ. ಆ ದುಡ್ಡಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಅದನ್ನ ತಪ್ಪು ಅಂತ ಅಪ್ಪನ ಮುಂದೆ ಹೇಳೋಕೆ ನನಗೆ ಬಾಯಿಲ್ಲ. ಆಮೇಲೆ ಸುತ್ತಲಿನವರೂ ಕೊರೆಸಿದ್ರು. ಐದಾರು ವರ್ಷದಲ್ಲಿ ತಲಪರಿಗೆ ನಿಂತೋಯ್ತು.

ಅದರ ಕಲ್ಲಿಗೆ ಕಪ್ಪು ಕಾಳಿನ ಥರ ಏನೋ ಅಂಟಿರ್ತಿತ್ತು. ಕಾಲು ತೊಳೆಯುವಾಗ ಉಜ್ಜಿ ತೆಗೀತಿದ್ವಿ. ಹುಳುವೋ, ಬೀಜವೋ, ಅಜ್ಜಿನೂ ಕೇಳಲಿಲ್ಲ, ನಾನೂ ನೋಡಲಿಲ್ಲ.

ಹಲಗೆ ಹಾದಿ ಮೇಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. ನೀರು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಅಡಿಗೆ ಸಿಕ್ತಂತೆ ಮಗಾ?" ಅಂದ್ರು.

"ಕೊರೆದಿಲ್ಲಪ್ಪ," ಅಂದೆ.