ಬಿಳಿ ರಸ್ತೆಗಳ ನಾಡಿನಲ್ಲಿ

ಟೈರು ಮಾಡುವ ಮಿಶೆಲಿನ್ ಕಂಪನಿಯವರು ಅಚ್ಚು ಹಾಕುವ ಫ್ರಾನ್ಸಿನ ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ಗೆರೆ. ಅದು ದೊಡ್ಡ ರಸ್ತೆ. ಆಮೇಲೆ ಹಳದಿ, ಅದು ಎರಡನೆಯ ದರ್ಜೆಯದು. ಇವೆರಡರ ನಡುವಿನ ಜಾಗವನ್ನೆಲ್ಲ ತುಂಬಿಕೊಂಡು ಸಣ್ಣಗೆ ಬಳುಕುವ ಬಿಳಿ ಗೆರೆಗಳಿರುತ್ತವೆ. ಕಾರಿನವರಿಗೆ ಅವುಗಳ ಗೊಡವೆಯಿಲ್ಲ. ಸೈಕಲ್ ತುಳಿಯುವವರಿಗೆ ಬೇಕಾದದ್ದು ಅವೇ. ಗೆರೆಯ ಮೇಲೆ ಬಾಣದ ಮೊನೆಯಂಥ ಒಂದು ಗುರುತಿದ್ದರೆ ಶೇಕಡಾ 5ರಿಂದ 9ರ ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕಿಂತಲೂ ಕಡಿದು. ಗೆರೆಯ ಮಗ್ಗುಲಿಗೆ ಹಸಿರು ಅಂಚು ಎಳೆದಿದ್ದರೆ ಸುತ್ತಲಿನ ನೋಟ ಚೆನ್ನಾಗಿದೆ ಎಂದರ್ಥ. ನಾನು ಹಸಿರಿಗಿಂತ ಬಿಳಿಯನ್ನು ಹೆಚ್ಚು ನಂಬುತ್ತೇನೆ. ಹಸಿರು ಅಂಚಿನ ಆಸೆಗೆ ಬೇಸಿಗೆಯಲ್ಲಿ ಕಾರುಗಳೂ ಬರುತ್ತವೆ. ಅಂಚಿಲ್ಲದ ಬಿಳಿ ಗೆರೆಯಲ್ಲಿ ಎದುರಾಗುವುದು ಅಂಚೆಯವರ ಹಳದಿ ವ್ಯಾನು, ಒಂದು ಟ್ರ್ಯಾಕ್ಟರ್, ಹೆಚ್ಚೆಂದರೆ ಒಂದು ಮುದಿನಾಯಿ.

ಇಷ್ಟು ಸಣ್ಣ ರಸ್ತೆಗೆ ಇಷ್ಟು ಒಳ್ಳೆಯ ಡಾಂಬರು ಯಾಕೆ, ಯಾರೂ ಓಡಾಡದ ಕಡೆ ಇಷ್ಟೊಂದು ರಸ್ತೆಗಳು ಯಾಕೆ ಎನ್ನುವ ಪ್ರಶ್ನೆ ಪೆಡಲ್ ತುಳಿಯುತ್ತ ಹೋದವರಿಗೆಲ್ಲ ಹುಟ್ಟಲೇಬೇಕು. ಫ್ರಾನ್ಸಿನ ಒಟ್ಟು ರಸ್ತೆಯ ಉದ್ದ ಸುಮಾರು 11 ಲಕ್ಷ ಕಿಲೋಮೀಟರ್. ಅದರಲ್ಲಿ ಮೋಟಾರು ಹೆದ್ದಾರಿಗಳ ಪಾಲು 12,000ದ ಆಸುಪಾಸು ಅಷ್ಟೆ. ಉಳಿದದ್ದು ಬಹುಪಾಲು ಜಿಲ್ಲೆಗಳ ಮತ್ತು ಹಳ್ಳಿಗಳ ವಶದಲ್ಲಿದೆ. ಇದರ ಬೇರು 1836ರ ಮೇ 21ರ ಒಂದು ಕಾನೂನಿನಲ್ಲಿದೆ. ಊರೂರನ್ನು ಕೂಡಿಸುವ ದಾರಿಗಳನ್ನು ಆಯಾ ಹಳ್ಳಿಯೇ ಸುಸ್ಥಿತಿಯಲ್ಲಿಡಬೇಕು ಎಂದು ಅದು ವಿಧಿಸಿತು. ದುಡ್ಡಿಲ್ಲದ ಹಳ್ಳಿ ಏನು ಮಾಡಬೇಕು? ಮೈಯಲ್ಲಿ ಕಸುವಿರುವ ಗಂಡಸರು ವರ್ಷಕ್ಕೆ ಮೂರು ದಿನದವರೆಗೆ ರಸ್ತೆಗೆ ಬಂದು ದುಡಿಯಬೇಕು. ಗಾಡಿ, ಎತ್ತು, ಕುದುರೆ ಇದ್ದವರು ಅವುಗಳ ಲೆಕ್ಕಕ್ಕೂ ದುಡಿಮೆ ಸಲ್ಲಿಸಬೇಕು, ಇಲ್ಲವೇ ಹಣ ಕಟ್ಟಬೇಕು. ಹೀಗೆ ಕಲ್ಲು ಒಡೆದು, ಹೊತ್ತು, ಹಾಸಿ ಆದ ದಾರಿಗಳ ಮೇಲೆ ನಮ್ಮ ಗಾಲಿ ಇಂದು ಸದ್ದಿಲ್ಲದೆ ಉರುಳುತ್ತದೆ. ಅವು ನೆಟ್ಟಗೆ ಹೋಗದಿರುವುದಕ್ಕೂ ಇದೇ ಕಾರಣ ಎಂದು ನನಗನ್ನಿಸುತ್ತದೆ. ಮದುವೆಗೆ ಕರೆಯಲು ಹೊರಟ ಹಿರಿಯರ ಹಾಗೆ ಆ ರಸ್ತೆ ಯಾರ ಮನೆಯನ್ನೂ ತಪ್ಪಿಸುವುದಿಲ್ಲ. ಆ ತೋಟದ ಮನೆಗೊಂದು ತಿರುವು, ಈ ಗಿರಣಿಗೊಂದು ಇಳಿಜಾರು, ಚರ್ಚಿನ ಮುಂದೊಂದು ಸುತ್ತು, ಆಮೇಲೆ ಮತ್ತೆ ಏರು.

ನಾನು ಬಹಳ ಪ್ರೀತಿಸುವ ರಸ್ತೆ ದೇಶದ ನೈರುತ್ಯ ಭಾಗದ ಲೊತ್ ಜಿಲ್ಲೆಯಲ್ಲಿದೆ. ಸೆಲೆ ಎಂಬ ಹೊಳೆ ಬೂಝಿಯೆಸ್ ಊರಿನ ಹತ್ತಿರ ಲೊತ್ ನದಿಗೆ ಬಂದು ಸೇರುತ್ತದೆ. ಅಲ್ಲಿಂದ ಹೊಳೆಯ ಜೊತೆಯಲ್ಲೇ ಮೇಲಕ್ಕೆ ಫಿಜಾಕ್ ಪಟ್ಟಣದ ಕಡೆಗೆ ಹೋಗುವ ದಾರಿಯ ಹೆಸರು ಡಿ 41. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಬೂದು, ಕೆನೆ, ತುಕ್ಕಿನ ಬಣ್ಣಗಳು ಬೆರೆತ ಸುಣ್ಣಕಲ್ಲಿನ ಗೋಡೆ. ಕೆಲವು ಕಡೆ ಬಂಡೆ ರಸ್ತೆಯ ಮೇಲೇ ಬಾಗಿ ನಿಂತಿದೆ. ಕಾಬ್ರೆರೆಯಲ್ಲಿ ಆ ಗೋಡೆಯ ನಡುಮಟ್ಟಕ್ಕೆ ಒಂದು ಪಾಳುಕೋಟೆ ಅಂಟಿಕೊಂಡಿದೆ. ಅದೇ ಊರಿನ ಮೇಲಿನ ಗುಡ್ಡದಲ್ಲಿ ಪೆಶ್ ಮೆರ್ಲ್ ಗುಹೆ. 1922ರಲ್ಲಿ ಹದಿಹರೆಯದ ಹುಡುಗರು ಒಳಗೆ ತೆವಳಿಕೊಂಡು ಹೋಗಿ, ಮೈತುಂಬ ಚುಕ್ಕೆಯಿರುವ ಎರಡು ಕುದುರೆಗಳ ಚಿತ್ರವನ್ನು ಕಂಡರು. ಅದರ ವಯಸ್ಸು ಸುಮಾರು 29,000 ವರ್ಷ. ಕುದುರೆಗಳ ಸುತ್ತ ಅಂಗೈಯ ಅಚ್ಚುಗಳಿವೆ. ಬಂಡೆಗೆ ಕೈ ಒತ್ತಿ ಅದರ ಮೇಲೆ ಬಣ್ಣ ಊದಿದವರು ಈ ಹೊಳೆಯ ನೀರನ್ನೇ ಕುಡಿದಿರಬೇಕು. ಗುಹೆಯಿಂದ ಹೊರಬಂದು ಮತ್ತೆ ಸೈಕಲ್ ಹತ್ತಿದಾಗ ಕಾಲಿಗೆ ಅವಸರವೇ ಉಳಿಯುವುದಿಲ್ಲ.

ಮುಂದೆ ಮಾರ್ಸಿಯಾಕ್. ಅಲ್ಲಿ ಬೆನಡಿಕ್ಟೈನ್ ಸನ್ಯಾಸಿಗಳ ಮಠವೊಂದು ಅರ್ಧ ಕುಸಿದು, ಚಾವಣಿಯಿಲ್ಲದ ಕಮಾನುಗಳಾಗಿ ನಿಂತಿದೆ. ಆಮೇಲೆ ಬ್ರಾಂಗ್, ಎಸ್ಪಾನ್ಯಾಕ್. ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಬರಬೇಕು. ಜುಲೈ, ಆಗಸ್ಟಿನಲ್ಲಿ ಹೊಳೆಯ ತುಂಬ ದೋಣಿ, ರಸ್ತೆಯಲ್ಲಿ ದೋಣಿ ಹೊತ್ತ ವ್ಯಾನು. ಹೊತ್ತನ್ನು ಕೇಳಿದರೆ ಮಧ್ಯಾಹ್ನ ಹನ್ನೆರಡರಿಂದ ಎರಡು. ಆಗ ದೇಶಕ್ಕೆ ದೇಶವೇ ಊಟಕ್ಕೆ ಕೂತಿರುತ್ತದೆ, ಕೆಂಪು ರಸ್ತೆ ಕೂಡ ಬಿಳಿಯಾಗುತ್ತದೆ. ಅಂಗಡಿಗಳೂ ಆಗ ಮುಚ್ಚಿರುವುದರಿಂದ ರೊಟ್ಟಿ, ಚೀಸು, ಹಣ್ಣುಗಳನ್ನು ಹನ್ನೊಂದೂವರೆಗೇ ಚೀಲಕ್ಕೆ ಹಾಕಿಕೊಳ್ಳಬೇಕು. ನೀರು ಮುಗಿದರೆ ಊರಿನ ಸ್ಮಶಾನಕ್ಕೆ ಹೋಗಬೇಕು ಎನ್ನುವುದು ಅಲ್ಲಿನ ಸೈಕಲ್ ಸವಾರರು ಒಬ್ಬರಿಗೊಬ್ಬರು ದಾಟಿಸುವ ತಿಳುವಳಿಕೆ. ಗೋರಿಗಳ ಮೇಲಿನ ಹೂಕುಂಡಗಳಿಗೆ ಹಾಕಲೆಂದು ಬಾಗಿಲ ಬಳಿ ನಲ್ಲಿ ಇಟ್ಟಿರುತ್ತಾರೆ. ‘ಕುಡಿಯುವ ನೀರಲ್ಲ’ ಎಂಬ ಫಲಕ ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಬಹುದು.

ಸ್ಮಶಾನದಷ್ಟೇ ತಪ್ಪದೆ ಪ್ರತಿ ಹಳ್ಳಿಯಲ್ಲೂ ಸಿಗುವುದು ಮೊದಲನೆಯ ಮಹಾಯುದ್ಧದ ಸ್ಮಾರಕ. ಎಂಟು ಹತ್ತು ಮನೆಗಳಷ್ಟೇ ಕಾಣುವ ಊರಿನ ಕಲ್ಲಿನಲ್ಲಿ ಇಪ್ಪತ್ತು ಹೆಸರುಗಳಿರುತ್ತವೆ. ಒಂದೇ ಮನೆತನದ ಹೆಸರು ಎರಡು ಸಲ, ಮೂರು ಸಲ ಬರುತ್ತದೆ. ಅಣ್ಣತಮ್ಮಂದಿರೋ ದಾಯಾದಿಗಳೋ ಇರಬೇಕು. ಆ ಯುದ್ಧದಲ್ಲಿ ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಲೊತ್ ಜಿಲ್ಲೆ ಅದಕ್ಕೂ ಮೊದಲೇ ಬರಿದಾಗತೊಡಗಿತ್ತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿ ಬಳ್ಳಿಗಳ ಬೇರು ತಿಂದು ತೋಟಗಳನ್ನು ಹಾಳುಮಾಡಿತು, ಜನ ಪಟ್ಟಣಗಳಿಗೆ ಹೊರಟರು. 1851ರಲ್ಲಿ ಆ ಜಿಲ್ಲೆಯಲ್ಲಿದ್ದವರು ಸುಮಾರು 2,96,000 ಮಂದಿ. ಈಗಿರುವವರು ಸುಮಾರು 1,75,000. ಉಳಿದವರ ಓಡಾಟದ ಬಹುಪಾಲನ್ನು ಕಾಓರ್ ಪಟ್ಟಣದ ಪಕ್ಕದಲ್ಲಿ ಹಾದುಹೋಗುವ ಎ 20 ಹೆದ್ದಾರಿ ಹೊತ್ತುಕೊಂಡಿದೆ. ಪ್ಯಾರಿಸ್ಸಿನಿಂದ ಸ್ಪೇನಿನ ಕಡೆಗೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ರಸ್ತೆಗೆ ಕೂಡ ಈಗ ಇಲ್ಲಿ ಜಿಲ್ಲಾ ರಸ್ತೆಯ ನಂಬರು.

ನಾವು ಸುಖಿಸುವ ಆ ಪ್ರಶಾಂತತೆ ಬಂದದ್ದು ಹೀಗೆ. ಯಾವ ಪ್ರವಾಸೋದ್ಯಮ ಇಲಾಖೆಯೂ ಅದನ್ನು ಯೋಜಿಸಲಿಲ್ಲ. ಮೂರು ಮೂರು ದಿನ ದುಡಿದು ದಾರಿ ಮಾಡಿದವರ ಮೊಮ್ಮಕ್ಕಳು ಅದೇ ದಾರಿ ಹಿಡಿದು ಊರು ಬಿಟ್ಟರು. ಕಿಟಕಿ ಮುಚ್ಚಿದ ಮನೆಗಳ ಸಾಲನ್ನು ದಾಟುವಾಗ ಈ ಸಂಗತಿ ಎದೆಗೆ ತಾಗುತ್ತದೆ. ಆದ್ದರಿಂದಲೇ ಬಾಗಿಲು ತೆರೆದಿರುವ ಒಂದೇ ಒಂದು ಬೇಕರಿ ಸಿಕ್ಕರೂ ಇಳಿದು ಏನಾದರೂ ಕೊಳ್ಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅಂಗಡಿಗೆ ಕಾಲಿಟ್ಟೊಡನೆ ಒಳಗಿರುವವರಿಗೆಲ್ಲ ‘ಬೊಂಜೂರ್’ ಹೇಳುವುದು ಅಲ್ಲಿನ ವಾಡಿಕೆ. ಆಮೇಲೆ ಯಾರಾದರೊಬ್ಬ ಅಜ್ಜಿ ‘ಎಲ್ಲಿಂದ ಬಂದಿರಿ, ಈ ಏರಿನಲ್ಲೇ?’ ಎಂದು ಕೇಳಿಯೇ ಕೇಳುತ್ತಾರೆ.

ಈಚೆಗೆ ಸೈಕಲ್ಲಿಗೆಂದೇ ಮಾಡಿದ ದಾರಿಗಳೂ ಬಹಳ ಆಗಿವೆ. ಬರ್ಗಂಡಿಯ ಝಿವ್ರಿಯಿಂದ ಕ್ಲ್ಯೂನಿಯವರೆಗೆ ಹಳೆಯ ರೈಲುದಾರಿಯ ಮೇಲೆ 1997ರಲ್ಲಿ ತೆರೆದದ್ದು ಮೊದಲ ಹಸಿರು ದಾರಿ. ಲ್ವಾರ್ ನದಿಯ ಜೊತೆ ಸಮುದ್ರದವರೆಗೆ 900 ಕಿಲೋಮೀಟರ್ ಹೋಗಬಹುದು. ಚಿಕ್ಕ ಮಕ್ಕಳಿರುವವರಿಗೆ ಇವಕ್ಕಿಂತ ಒಳ್ಳೆಯದಿಲ್ಲ. ಆದರೆ ರೈಲುದಾರಿ ಊರಿನ ಬೆನ್ನನ್ನಷ್ಟೇ ತೋರಿಸುತ್ತದೆ, ಬಿಳಿ ರಸ್ತೆ ಅಂಗಳದ ಮುಂದೆ ಹಾಯುತ್ತದೆ. ಹಗ್ಗದ ಮೇಲೆ ಒಣಗುವ ಬಟ್ಟೆ, ಅಡುಗೆಮನೆಯ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ರೇಡಿಯೋದ ಮಾತು ಇಲ್ಲಿ ಮಾತ್ರ. ನನ್ನ ಆಯ್ಕೆ ಇದೇ. ಕಾರಿನವರ ಭಯವೂ ಅಷ್ಟಿಲ್ಲ. ಊರಾಚೆ ಸೈಕಲನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ. ತಿರುವು ಮುಗಿಯುವ ತನಕ ಹಾರ್ನ್ ಒತ್ತದೆ ಹಿಂದೆಯೇ ಬರುವ ಚಾಲಕರನ್ನು ಅಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಹೀಗೆ ನಿಧಾನವಾಗಿ ತಿರುಗುವುದಕ್ಕೂ ಅಲ್ಲೊಬ್ಬ ಹಿರಿಯರಿದ್ದಾರೆ. ಸೇಂಟ್ ಎತಿಯೆನ್ ಪಟ್ಟಣದ ಪೋಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಶುರುಮಾಡಿ, 1930ರಲ್ಲಿ ತೀರಿಕೊಳ್ಳುವವರೆಗೂ ಪ್ರವಾಸಿ ಸವಾರರ ಗುರುವಾಗಿದ್ದರು. ಏರಿಗೊಂದು, ಸಪಾಟಿಗೊಂದು ಗೇರ್ ಬೇಕು ಎಂದು ಅವರು ದಶಕಗಳ ಕಾಲ ವಾದಿಸಿದರು. ಟೂರ್ ದ ಫ್ರಾನ್ಸ್ ರೇಸಿನವರು ಗೇರ್ ಬದಲಿಸುವ ಡಿರೈಲರಿಗೆ ಒಪ್ಪಿದ್ದು 1937ರಲ್ಲಿ. ಬೆಟ್ಟ ಹತ್ತುವ ಸುಲಭೋಪಾಯವನ್ನು ಮೊದಲು ಒಲಿಸಿಕೊಂಡವರು ಗೆಲ್ಲುವ ಹಂಬಲವಿಲ್ಲದೆ ಊರು ನೋಡಲು ಹೊರಟವರು ಎನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಬೆಂಗಳೂರಿನ ಸವಾರರಿಗೂ ಈ ರಸ್ತೆಗಳ ಪರಿಚಯವಿದೆ. 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸವಾರಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1,200 ಕಿಲೋಮೀಟರನ್ನು ಹೆಚ್ಚೆಂದರೆ 90 ಗಂಟೆಯಲ್ಲಿ ಮುಗಿಸಬೇಕು. ಅದಕ್ಕೆ ಅರ್ಹತೆ ಪಡೆಯಲು ಅದೇ ವರ್ಷ 200, 300, 400, 600 ಕಿಲೋಮೀಟರುಗಳ ಸವಾರಿಗಳನ್ನು ನಮ್ಮ ಕಡೆಯ ಹೆದ್ದಾರಿಗಳಲ್ಲಿ, ಲಾರಿಗಳ ಪಕ್ಕದಲ್ಲಿ ಪೂರೈಸಿ ಹೋಗುತ್ತಾರೆ. ಹೋದವರು ವೇಗಕ್ಕಿಂತ ಹೆಚ್ಚಾಗಿ ನೆನೆಯುವುದು ರಾತ್ರಿ ಎರಡು ಗಂಟೆಗೂ ರಸ್ತೆ ಬದಿ ಮೇಜು ಹಾಕಿ ಕಾಫಿ, ತೆಳ್ಳನೆಯ ದೋಸೆಯಂಥ ಕ್ರೆಪ್ ಕೊಡುವ ಹಳ್ಳಿಯವರನ್ನು. ಒಂದು ಮನೆಯವರು ಅದಕ್ಕೆ ಪ್ರತಿಯಾಗಿ ಕೇಳುತ್ತಿದ್ದದ್ದು ನಿಮ್ಮ ಊರಿನಿಂದ ಒಂದು ಪೋಸ್ಟ್‌ಕಾರ್ಡ್ ಬರೆಯಿರಿ ಎಂದಷ್ಟೆ.

ಈಗ ನನ್ನ ಮೇಜಿನ ಮೇಲಿರುವುದು ಕ್ರ್ಯೋಝ್ ಜಿಲ್ಲೆಯ ಹಾಳೆ. ಲೊತ್‌ಗಿಂತಲೂ ಹೆಚ್ಚು ಬರಿದಾದ ಸೀಮೆ ಅದು. ಪ್ಯಾರಿಸ್ಸನ್ನು ಕಟ್ಟಿದ ಕಲ್ಲುಕೆಲಸದವರು ಅಲ್ಲಿನವರು. ವಸಂತದಲ್ಲಿ ನಡೆದುಕೊಂಡು ಹೋಗಿ, ಚಳಿಗಾಲಕ್ಕೆ ಹಿಂತಿರುಗುತ್ತಿದ್ದರು. ಮುಂದೆ ಸಂಸತ್ತಿಗೆ ಆರಿಸಿಬಂದ ಮಾರ್ತಾಂ ನಾದೊ 1830ರಲ್ಲಿ, ಹದಿನಾಲ್ಕರ ಹುಡುಗನಾಗಿ, ಅಪ್ಪನ ಜೊತೆ ಹಾಗೆಯೇ ನಡೆದು ಹೋದವರು. ಅವರ ಊರು ಸುಬ್ರೆಬೊ. ಅಲ್ಲಿಗೆ ಹೋಗುವ ಬಿಳಿ ಗೆರೆಗಳನ್ನು ಪೆನ್ಸಿಲಿನಿಂದ ಗುರುತು ಮಾಡಿದ್ದೇನೆ, ಕೆಂಪನ್ನು ಅಡ್ಡ ದಾಟಬೇಕಾದ ಕಡೆಗಳನ್ನೂ. ಬಾಣದ ಮೊನೆಗಳು ಸಾಕಷ್ಟಿವೆ. ಬೇಕರಿ ಎಲ್ಲೆಲ್ಲಿ ಉಳಿದಿದೆಯೆಂದು ಭೂಪಟ ಹೇಳುವುದಿಲ್ಲ, ಹೋಗಿ ನೋಡಬೇಕು.