ಎರಡು ರಾಜ್ಯಗಳ ಒಂದು ಬೀದಿ

ಅಮೆರಿಕದ ಟೆಕ್ಸಾರ್ಕಾನಾದಲ್ಲಿ ಅಂಚೆ ಕಚೇರಿಯ ಮುಂದೆ ಪ್ರವಾಸಿಗರು ಕಾಲಗಲಿಸಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಕಾಲು ಟೆಕ್ಸಾಸ್ ರಾಜ್ಯದಲ್ಲಿ, ಇನ್ನೊಂದು ಆರ್ಕನ್ಸಾ ರಾಜ್ಯದಲ್ಲಿ! ನ್ಯಾಯಾಲಯವೂ ಸೇರಿರುವಂತೆ 1933ರಲ್ಲಿ ಕಟ್ಟಿದ ಈ ಕಟ್ಟಡ ಗಡಿಯ ಮೇಲೆಯೇ ಕುಳಿತಿದೆ. ಅದರ ಬುಡಕ್ಕೆ ಟೆಕ್ಸಾಸಿನ ನಸುಗೆಂಪು ಗ್ರಾನೈಟು, ಗೋಡೆಗೆ ಆರ್ಕನ್ಸಾದ ಸುಣ್ಣಕಲ್ಲು. ರೈಲು ಹಳಿಗಳು ಕೂಡುವಲ್ಲಿ 1873ರ ಸುಮಾರಿಗೆ ಹುಟ್ಟಿದ ಊರಿದು. ನೋಡಲು ಒಂದೇ ಊರಾದರೂ ಪೌರಾಡಳಿತ ಎರಡು. ನಡುವೆ ಹಾದುಹೋಗುವ ಸ್ಟೇಟ್ ಲೈನ್ ಅವೆನ್ಯೂ ಎಂಬ ರಸ್ತೆಯೇ ಬೇಲಿ.

ಈ ಬೇಲಿ ಕಣ್ಣಿಗೆ ಕಾಣದಿದ್ದರೂ ಜೇಬಿಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಕೇಂದ್ರದ ಆದಾಯ ತೆರಿಗೆಯಲ್ಲದೆ ಬಹುತೇಕ ರಾಜ್ಯಗಳದ್ದೂ ಪ್ರತ್ಯೇಕವಾಗಿ ಇದೆ. ಟೆಕ್ಸಾಸಿನಲ್ಲಿ ಅದಿಲ್ಲ, ಆರ್ಕನ್ಸಾದಲ್ಲಿ 2024ರ ಆದಾಯಕ್ಕೆ ಗರಿಷ್ಠ ದರ ಶೇ. 3.9 ಇತ್ತು. ರಸ್ತೆ ದಾಟಿದರೆ ತೆರಿಗೆ ಉಳಿಯುವುದಾದರೆ ಈಚೆ ದಡದಲ್ಲಿ ಯಾರು ಮನೆ ಮಾಡುತ್ತಾರೆ? ಆರ್ಕನ್ಸಾ ಸರ್ಕಾರ ಜಾಣತನ ತೋರಿತು. ತನ್ನ ಬದಿಯ ಟೆಕ್ಸಾರ್ಕಾನಾ ನಗರವಾಸಿಗಳಿಗೆ ಆದಾಯ ತೆರಿಗೆಯನ್ನೇ ಬಿಟ್ಟುಕೊಟ್ಟು, ಬದಲಿಗೆ ಅಲ್ಲಿ ಶೇ. 1ರಷ್ಟು ಹೆಚ್ಚಿನ ಮಾರಾಟ ತೆರಿಗೆ ಹಾಕಿತು. ಟೆಕ್ಸಾಸ್ ಬದಿಯವರಿಗೂ ವಿನಾಯಿತಿ ಉಂಟು. ಆದರೆ ಈಚಿನ ನಗರದ ಮಿತಿಯೊಳಗೆ ದುಡಿದ ಹಣಕ್ಕೆ ಮಾತ್ರ. ಇದಕ್ಕೆಂದೇ ಎ.ಆರ್.-ಟಿ.ಎಕ್ಸ್. ಎಂಬ ನಮೂನೆಯಿದೆ.

ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿದ್ದರೆ? ಹೆಂಡತಿ ಟೆಕ್ಸಾಸ್ ಬದಿಯಲ್ಲಿ ವಾಸವಿದ್ದು ರಸ್ತೆಯಾಚೆಯ ಆಸ್ಪತ್ರೆಯಲ್ಲಿ ದಾದಿ. ಗಂಡನಿಗೆ ಸುಮಾರು 230 ಕಿ.ಮೀ. ದೂರದ ರಾಜಧಾನಿ ಲಿಟಲ್ ರಾಕ್‌ನಲ್ಲಿ ನೌಕರಿ ಎಂದುಕೊಳ್ಳಿ. ಕೇಂದ್ರದ ಲೆಕ್ಕಕ್ಕೆ ಇವರು ಒಂದೇ ಸಂಸಾರ, ಜಂಟಿ ರಿಟರ್ನ್ ಸಲ್ಲಿಸಬಹುದು. ರಾಜ್ಯ ಮಾತ್ರ ಮದುವೆಯ ಪತ್ರ ನೋಡಿ ಸುಮ್ಮನಾಗುವುದಿಲ್ಲ, ಒಬ್ಬೊಬ್ಬರ ಮನೆ ಎಲ್ಲಿ ಎಂದು ಕೇಳುತ್ತದೆ. ಆರ್ಕನ್ಸಾದಲ್ಲಿ ಕಾಯಂ ಮನೆ ಮಾಡಿ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇದ್ದವನು ಅಲ್ಲಿನ ನಿವಾಸಿ. ಹೀಗಾಗಿ ಗಂಡನ ಸಂಬಳಕ್ಕೆ ತೆರಿಗೆ, ಹೆಂಡತಿಯ ಸಂಬಳಕ್ಕೆ ವಿನಾಯಿತಿ. ಒಂದೇ ನಮೂನೆಯಲ್ಲಿ ಎರಡು ಕಾಲಮ್ಮು ಮಾಡಿ ದಂಪತಿ ಪ್ರತ್ಯೇಕ ಲೆಕ್ಕ ತೋರಿಸುವ ಅವಕಾಶವನ್ನೂ ಆರ್ಕನ್ಸಾ ಕೊಟ್ಟಿದೆ. ಮದುವೆಯ ನಂತರದ ಗಳಿಕೆ ಇಬ್ಬರದೂ ಎನ್ನುವ ಟೆಕ್ಸಾಸ್ ಕಾನೂನು ಇಲ್ಲಿ ಇನ್ನೊಂದು ಗಂಟು ಹಾಕುತ್ತದೆ. ಅದನ್ನು ಬಿಚ್ಚುವುದು ಲೆಕ್ಕಿಗರ ಕೆಲಸ.

ಭಾರತದಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು. ಗಂಡ ಬೀದರಿನಲ್ಲಿರಲಿ, ಹೆಂಡತಿ ಹೈದರಾಬಾದಿನಲ್ಲಿರಲಿ, ಇಬ್ಬರ ರಿಟರ್ನೂ ಬೇರೆಯೇ. ಆದ್ದರಿಂದ ಓದಲು ಹೋಗಿ ಅಲ್ಲಿಯೇ ಕೆಲಸ ಹಿಡಿದು ಮದುವೆಯಾದ ಕನ್ನಡದ ಹುಡುಗ ಹುಡುಗಿಯರಿಗೆ ಇದೆಲ್ಲ ಹೊಸ ಪಾಠ. ಬಾಡಿಗೆ ಕರಾರು, ಚಾಲನಾ ಪರವಾನಗಿ, ಮತ್ತೊಂದು ಊರಲ್ಲಿ ಎಷ್ಟು ದಿನ ಕಳೆದರೆಂಬ ಲೆಕ್ಕ, ಎಲ್ಲವನ್ನೂ ಜೋಪಾನವಾಗಿಡಬೇಕು. ಟೆಕ್ಸಾರ್ಕಾನಾದಲ್ಲಂತೂ ಮನೆ ಹುಡುಕುವವರು ಮೊದಲು ನಗರದ ನಕ್ಷೆ ನೋಡುವುದು ಒಳ್ಳೆಯದು. ಆರ್ಕನ್ಸಾ ಬದಿಯಲ್ಲಿ ನಗರದ ಮಿತಿಯಿಂದ ಒಂದು ಮನೆ ಆಚೆ ಹೋದರೂ ವಿನಾಯಿತಿ ಇಲ್ಲ.