ಮ್ಯಾನ್‌ಹಟನ್ನಿಗೊಂದು ಅಪ್ರದಕ್ಷಿಣೆ

ನ್ಯೂಯಾರ್ಕ್ ನಗರಕ್ಕೆ ಹೋದವರೆಲ್ಲರೂ ತಲೆಯೆತ್ತಿ ನೋಡುತ್ತಾರೆ. ಮುಗಿಲು ಮುಟ್ಟುವ ಕಟ್ಟಡಗಳ ಊರಿನಲ್ಲಿ ಅದು ಸಹಜವೇ. ಆದರೆ ಆ ನಗರದ ಹೃದಯಭಾಗವಾದ ಮ್ಯಾನ್‌ಹಟನ್ ಒಂದು ದ್ವೀಪವೆಂಬುದನ್ನು ಅಲ್ಲಿನ ಜನರೇ ಮರೆತಂತಿದೆ. ನೆಲದಡಿಯ ಸುರಂಗಗಳಲ್ಲಿ ರೈಲು, ಸೇತುವೆಗಳ ಮೇಲೆ ಮೋಟಾರು; ನೀರನ್ನು ದಾಟಿದೆವೆಂಬ ಅರಿವೇ ಇಲ್ಲದೆ ದಿನವೂ ಲಕ್ಷೋಪಲಕ್ಷ ಮಂದಿ ಅದನ್ನು ದಾಟುತ್ತಾರೆ. ಆ ದ್ವೀಪವನ್ನು ನೀರಿನ ಮೇಲಿಂದಲೇ ಒಂದು ಸುತ್ತು ಬಂದು ನೋಡುವ ಯೋಗ ನನಗೆ ಒದಗಿತು. ಸುತ್ತಿಗೆ ಹಿಡಿದದ್ದು ಮೂರೂವರೆ ಗಂಟೆ. ಅದರ ಸಿದ್ಧತೆಗೆ ಹಿಡಿದದ್ದು ಹನ್ನೆರಡು ದಿನ. ನಾನಿಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಆ ಹನ್ನೆರಡು ದಿನಗಳ ಕಥೆಯನ್ನು.

ನನ್ನ ಅಕ್ಕನೂ ಭಾವನವರೂ ಹಡ್ಸನ್ ನದಿಯ ಪಶ್ಚಿಮ ದಂಡೆಯ ಜರ್ಸಿ ಸಿಟಿಯಲ್ಲಿ ನೆಲಸಿದ್ದಾರೆ. ಕಾಲೇಜಿಗೆ ಬೇಸಿಗೆ ರಜೆ ಬಂದಾಗ ನಾನು ಅಪ್ಪಯ್ಯನವರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಎಂಜಿನಿಯರರಾದ ಭಾವನವರು ತಮ್ಮ ಸಹೋದ್ಯೋಗಿಯೊಬ್ಬರೊಡನೆ ಪಾಲಿನಲ್ಲಿ ಒಂದು ಮೋಟಾರು ಯಾಟನ್ನು ಕೊಂಡಿದ್ದರು. ಯಾಟ್ ಎಂದೊಡನೆ ಓದುಗರು ಕೋಟ್ಯಧೀಶರ ತೇಲುವ ಅರಮನೆಯನ್ನು ಊಹಿಸಬಾರದು. ಇದು ಮೂವತ್ತನಾಲ್ಕು ಅಡಿ ಉದ್ದದ, ಇನ್ನೊಬ್ಬರು ಬಳಸಿ ಮಾರಿದ ನೌಕೆ. ಒಳಗೆ ನಾಲ್ಕು ಜನ ಕಾಲು ಚಾಚುವಷ್ಟು ಕೋಣೆ, ಕಾಫಿ ಕಾಯಿಸುವ ಒಂದು ಮೂಲೆ, ಹಿಂದುಗಡೆ ಕೂರಲು ತೆರೆದ ಜಾಗ, ಕೆಳಗೆ ಎರಡು ಡೀಸೆಲ್ ಎಂಜಿನ್ನುಗಳು. ಇಷ್ಟೆ.

"ಬರುವ ಶನಿವಾರ ಊಟ ಮುಗಿಸಿಕೊಂಡು ಒಂದು ಗಂಟೆಗೆ ಹೊರಡೋಣ. ಸಂಜೆ ಕಾಫಿಗೆ ಮನೆಗೆ ಬರಬಹುದು" ಎಂದರು ಭಾವನವರು.

ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಆ ಹೊತ್ತಿಗೆ ಭರತವೋ, ಇಳಿತವೋ?"

ಈ ಪ್ರಶ್ನೆಯ ಹಿಂದೆ ಏನಿದೆಯೆಂಬುದನ್ನು ಹೇಳಬೇಕು. ನಮ್ಮದು ಹೊನ್ನಾವರದ ಬಳಿಯ ಒಂದು ಹಳ್ಳಿ, ಶರಾವತಿಯ ದಂಡೆ. ಅಪ್ಪಯ್ಯ ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅವರ ಅಣ್ಣ, ಎಂದರೆ ನನ್ನ ದೊಡ್ಡಪ್ಪ, ಇಳಿತದ ಹೊತ್ತಿನಲ್ಲಿ ಅಳಿವೆಯ ಸೆಳವಿಗೆ ಸಿಕ್ಕಿ ದೋಣಿ ಮಗುಚಿ ತೀರಿಕೊಂಡರು. ಅಜ್ಜ "ನೀರನ್ನು ಕೇಳಿ ಹೊರಡು" ಎಂದು ದಿನವೂ ಹೇಳುತ್ತಿದ್ದರಂತೆ. ಅಂದು ಪೇಟೆಯ ಕೆಲಸದ ಅವಸರದಲ್ಲಿ ದೊಡ್ಡಪ್ಪ ಕೇಳಲಿಲ್ಲ. ಅಂದಿನಿಂದ ಅಪ್ಪಯ್ಯ ದೋಣಿ ಹತ್ತಿದವರಲ್ಲ. ಹೊಳೆಯಾಚೆಯ ನೆಂಟರ ಮನೆಗೆ ಹತ್ತು ಮೈಲಿ ಬಳಸಿಕೊಂಡಾದರೂ ರಸ್ತೆಯಲ್ಲಿಯೇ ಹೋಗುತ್ತಿದ್ದರು. ನನಗೆ ಇದೆಲ್ಲ ತಿಳಿದಿತ್ತು. ಭಾವನವರಿಗೆ ತಿಳಿದಿರಲಿಲ್ಲ.

"ಇದು ಹುಟ್ಟು ಹಾಕುವ ದೋಣಿಯಲ್ಲ ಮಾವ. ಎರಡು ಎಂಜಿನ್ನುಗಳಿವೆ. ಎದುರು ನೀರಾದರೂ ಏನೂ ಆಗದು" ಎಂದು ಅವರು ನಕ್ಕರು.

"ಹಾಗಾದರೆ ನೀವೆಲ್ಲ ಹೋಗಿ ಬನ್ನಿ. ನಾನು ಮನೆಯಲ್ಲಿರುತ್ತೇನೆ" ಎಂದು ಅಪ್ಪಯ್ಯ ಎದ್ದುಹೋದರು.

ಅಂದು ರಾತ್ರಿ ಅಕ್ಕನಿಂದ ದೊಡ್ಡಪ್ಪನ ಸಂಗತಿ ಕೇಳಿದ ಭಾವನವರು ಮರುಮಾತಾಡದೆ ಕಪಾಟಿನಿಂದ ಒಂದು ಪುಸ್ತಕವನ್ನು ತೆಗೆದರು. ಅದು ಎಲ್ಡ್ರಿಜ್ ಎಂಬವರ ಹೆಸರಿನಲ್ಲಿ 1875ರಿಂದ ವರ್ಷವರ್ಷವೂ ಹೊರಬರುತ್ತಿರುವ ನಾವಿಕರ ಪುಸ್ತಕ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಯಾವ ದಿನ ಎಷ್ಟು ಗಂಟೆಗೆ ಭರತ, ಎಷ್ಟು ಗಂಟೆಗೆ ಇಳಿತ, ಯಾವ ಕಡೆಗೆ ಎಷ್ಟು ವೇಗದ ಸೆಳವು ಎಂಬುದನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಈ ಲೆಕ್ಕವನ್ನು ಸರ್ಕಾರವೂ ಪ್ರಕಟಿಸುತ್ತದೆ, ಕೈಯಲ್ಲಿರುವ ಫೋನಿನಲ್ಲಿಯೇ ನೋಡಬಹುದು. ಆದರೂ ಹಳೆಯ ನಾವಿಕರು ಪುಸ್ತಕವನ್ನು ಬಿಟ್ಟಿಲ್ಲ. ಬೆಳಿಗ್ಗೆ ಅದನ್ನು ಕೈಗೆತ್ತಿಕೊಂಡ ಅಪ್ಪಯ್ಯ, "ಇವರಿಗೂ ಪಂಚಾಂಗವಿದೆಯಲ್ಲ!" ಎಂದು ಕನ್ನಡಕ ಹಾಕಿಕೊಂಡು ಕುಳಿತರು. ನಮ್ಮ ಯೋಜನೆ ನಿಜವಾಗಿ ಆರಂಭವಾದದ್ದು ಆಗಲೇ.

ಮ್ಯಾನ್‌ಹಟನ್ನನ್ನು ಸುತ್ತುವರಿದಿರುವ ನೀರು ಮೂರು. ಪಶ್ಚಿಮಕ್ಕೆ ಹಡ್ಸನ್, ಪೂರ್ವಕ್ಕೆ ಈಸ್ಟ್ ರಿವರ್, ಈಶಾನ್ಯಕ್ಕೆ ಹಾರ್ಲೆಮ್ ರಿವರ್. ಹೆಸರಿಗೆ ಮೂರೂ ನದಿಗಳೇ. ಆದರೆ ಈಸ್ಟ್ ರಿವರ್ ನದಿಯೇ ಅಲ್ಲ. ನ್ಯೂಯಾರ್ಕಿನ ಬಂದರನ್ನು ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲಭಾಗಕ್ಕೆ ಕೂಡಿಸುವ, ಸುಮಾರು 16 ಮೈಲಿ ಉದ್ದದ ಜಲಸಂಧಿ. ಹಾರ್ಲೆಮ್ ಕೂಡ ಅಂಥದೇ. ಹಡ್ಸನ್ ಮಾತ್ರ ಅಡಿರಾಂಡಾಕ್ ಬೆಟ್ಟಗಳಲ್ಲಿ ಹುಟ್ಟಿ 315 ಮೈಲಿ ಹರಿದು ಬರುವ ನಿಜವಾದ ನದಿ. ಅದರಲ್ಲಿಯೂ ಸಮುದ್ರದ ಭರತ ಸುಮಾರು 150 ಮೈಲಿ ಒಳಗೆ, ಟ್ರಾಯ್ ಎಂಬ ಊರಿನ ಅಣೆಕಟ್ಟಿನವರೆಗೆ ಏರಿಹೋಗುತ್ತದೆ. ಅಲ್ಲಿನ ಮೂಲನಿವಾಸಿಗಳು ಆ ನದಿಗೆ ಇಟ್ಟಿದ್ದ ಹೆಸರಿಗೆ 'ಎರಡು ಕಡೆಗೂ ಹರಿಯುವ ನೀರು' ಎಂಬ ಅರ್ಥವನ್ನು ಹೇಳುತ್ತಾರೆ. 1609ರಲ್ಲಿ ಏಷ್ಯಕ್ಕೆ ಹೊಸ ಹಾದಿಯನ್ನು ಹುಡುಕುತ್ತ ಈ ನೀರನ್ನು ಹೊಕ್ಕ ಹೆನ್ರಿ ಹಡ್ಸನ್ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದವನು. ಹುಡುಕಿದ್ದು ನಮ್ಮ ಕಡೆಯ ದಾರಿಯನ್ನು, ಹೆಸರು ಉಳಿದದ್ದು ಅಲ್ಲಿಯ ನದಿಗೆ!

ಈ ಮೂರು ನೀರುಗಳೂ ಒಂದೇ ಹೊತ್ತಿಗೆ ತಿರುಗುವುದಿಲ್ಲವೆಂಬುದೇ ಯೋಜನೆಯ ತೊಡಕು. ಈಸ್ಟ್ ರಿವರಿನಲ್ಲಿ ಭರತ ಮುಗಿಯುವಾಗ ಹಡ್ಸನ್ನಿನಲ್ಲಿ ಅದು ಇನ್ನೂ ಏರುತ್ತಿರಬಹುದು. ಈಸ್ಟ್ ರಿವರ್, ಹಾರ್ಲೆಮ್ ಮತ್ತು ಸೌಂಡಿನ ನೀರು ಸಂಧಿಸುವಲ್ಲಿ ಹೆಲ್ ಗೇಟ್ ಎಂಬ ಸ್ಥಳವಿದೆ. ಹೆಸರು ಡಚ್ ಭಾಷೆಯಿಂದ ಬಂದದ್ದು. ಇಂಗ್ಲಿಷಿನವರ ಕಿವಿಗೆ ಅದು ನರಕದ್ವಾರವಾಯಿತು. ಅಲ್ಲಿಯ ಬಂಡೆಗಳಿಗೆ ಬಡಿದು ಒಡೆದ ಹಡಗುಗಳಿಗೆ ಲೆಕ್ಕವಿರಲಿಲ್ಲ. 1885ರ ಅಕ್ಟೋಬರ್ 10ರಂದು ಸೈನ್ಯದ ಎಂಜಿನಿಯರರು ಸುಮಾರು 3 ಲಕ್ಷ ಪೌಂಡು ಸಿಡಿಮದ್ದನ್ನು ಹೂಳಿ ಫ್ಲಡ್ ರಾಕ್ ಎಂಬ ಬಂಡೆಯನ್ನು ಸಿಡಿಸಿದರು. ಬಂಡೆ ಹೋಯಿತು, ಸೆಳವು ಹೋಗಲಿಲ್ಲ. ಈಗಲೂ ಅಲ್ಲಿ ನೀರು ಗಂಟೆಗೆ 5 ನಾವಿಕ ಮೈಲಿಯಷ್ಟು ವೇಗದಲ್ಲಿ ನುಗ್ಗುವುದುಂಟು. ನಮ್ಮ ನೌಕೆಯ ಹಿತವಾದ ನಡಿಗೆ 8 ಮೈಲಿ. ಎದುರು ಸೆಳವಿನಲ್ಲಿ ಉಳಿಯುವುದು 3, ಜೊತೆ ಸೆಳವಿನಲ್ಲಿ ದೊರೆಯುವುದು 13. ಎಂಜಿನಿಯರರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

"ನೀವು ಗೊತ್ತು ಮಾಡಿದ ಶನಿವಾರ ಹುಣ್ಣಿಮೆಯ ಮರುದಿನ" ಎಂದು ಅಪ್ಪಯ್ಯ ತೋರಿಸಿದರು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಂದು ಮಧ್ಯಾಹ್ನ ಒಂದು ಗಂಟೆಗೆ ಈಸ್ಟ್ ರಿವರಿನ ಇಳಿತ ಎದುರಿನಿಂದ ಭರದಲ್ಲಿ ಬರುತ್ತಿತ್ತು. ಎಂಟು ದಿನ ಬಿಟ್ಟರೆ ಅಷ್ಟಮಿ, ಸೆಳವು ಕಡಮೆ. ನೀರಿನ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುವುದರಿಂದ ಆ ಭಾನುವಾರದ ಅನುಕೂಲಕಾಲ ಸಂಜೆಯ ನಾಲ್ಕು ಗಂಟೆಗೆ ಬಂದಿತು. ಭರತ ತಗ್ಗುತ್ತಿರುವಾಗ ಅದರ ಬೆನ್ನ ಮೇಲೆ ಈಸ್ಟ್ ರಿವರನ್ನು ಏರಿ, ಹೆಲ್ ಗೇಟಿನ ಬಳಿ ಸೆಳವು ಸೊರಗಿರುವಾಗ ಹಾರ್ಲೆಮಿಗೆ ತಿರುಗಿ, ಇಳಿತ ಹಿಡಿಯುವ ಹೊತ್ತಿಗೆ ಹಡ್ಸನ್ನಿಗೆ ಬೀಳುವುದು: ಇದು ನಮ್ಮ ಕ್ರಮ.

ಆಗ ಅಪ್ಪಯ್ಯನಿಗೆ ಇನ್ನೊಂದು ಸಂಗತಿ ಹೊಳೆಯಿತು. "ದ್ವೀಪ ಎಡಗಡೆಗೆ ಬರುತ್ತದೆ. ಇದು ಅಪ್ರದಕ್ಷಿಣೆಯಾಯಿತಲ್ಲ?"

"ದ್ವೀಪ ದೇವರಲ್ಲ ಮಾವ, ಇಲ್ಲಿ ನೀರೇ ದೇವರು" ಎಂದರು ಭಾವನವರು. ಮೊದಲ ದಿನ ಎಂಜಿನ್ನಿನ ಮಾತಾಡಿದ್ದವರು ಅವರೇ. ಅಪ್ಪಯ್ಯ ಮುಗುಳ್ನಕ್ಕರು. ಆದರೆ ಬರುತ್ತೇನೆಂದು ಇನ್ನೂ ಹೇಳಿರಲಿಲ್ಲ.

ಉಳಿದ ದಿನಗಳು ಇತರ ಸಿದ್ಧತೆಗಳಿಗೆ ಮೀಸಲಾದುವು. ದಾರಿಯಲ್ಲಿ ಸುಮಾರು ಇಪ್ಪತ್ತು ಸೇತುವೆಗಳು. ಹಾರ್ಲೆಮಿನ ಸೇತುವೆಗಳಲ್ಲಿ ಕೆಲವು ನೀರಿನಿಂದ 24 ಅಡಿಯಷ್ಟೇ ಎತ್ತರ. ನಮ್ಮ ನೌಕೆ ಹದಿನಾಲ್ಕು ಅಡಿಯದಾದ್ದರಿಂದ ಚಿಂತೆಯಿಲ್ಲ. ಆದರೆ ತುದಿಯಲ್ಲಿರುವ ಸ್ಪೈಟನ್ ಡೈವಿಲ್ ರೈಲುಸೇತುವೆ ಮುಚ್ಚಿದ್ದಾಗ ಅದರ ಕೆಳಗೆ ಸುಮಾರು 5 ಅಡಿ ಮಾತ್ರ ತೆರಪು. ರೇಡಿಯೋದಲ್ಲಿ ವಿನಂತಿಸಿದರೆ ಅದು ಬಾಗಿಲಿನಂತೆ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತದೆ, ರೈಲು ಬರುವ ಹೊತ್ತಾಗಿದ್ದರೆ ಕಾಯಬೇಕು. ವಿಶ್ವಸಂಸ್ಥೆಯ ಭವನ ಈಸ್ಟ್ ರಿವರಿನ ದಂಡೆಯಲ್ಲಿಯೇ ಇದೆ. ಸೆಪ್ಟೆಂಬರಿನಲ್ಲಿ ಮಹಾಸಭೆ ನಡೆಯುವಾಗ ಅದರ ಮುಂದಿನ ನೀರಿನಲ್ಲಿ ದೋಣಿಗಳಿಗೆ ನಿರ್ಬಂಧ. ಇವನ್ನೆಲ್ಲ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ನಡೆಸುವವನಿಗೂ ಶಿಕ್ಷಣ ಬೇಕು. 2005ರಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳು ದೋಣಿಗಳ ಡಿಕ್ಕಿಯಲ್ಲಿ ಮಡಿದಳು. ಆಕೆಯ ಹೆಸರಿನ ಕಾನೂನಿನಂತೆ ನ್ಯೂಯಾರ್ಕ್ ರಾಜ್ಯದಲ್ಲಿ 2025ರಿಂದ ಮೋಟಾರು ದೋಣಿ ನಡೆಸುವವರೆಲ್ಲರೂ ಸುರಕ್ಷತೆಯ ಪಾಠ ಕಲಿತು ಪ್ರಮಾಣಪತ್ರ ಪಡೆದಿರಬೇಕು.

ಹೊರಡುವ ಮುನ್ನಾದಿನ ಭಾವನವರು ಲೈಫ್ ಜಾಕೆಟುಗಳನ್ನೆಲ್ಲ ಅಂಗಳದಲ್ಲಿ ಹರಡಿ ಒಂದೊಂದರ ಹೊಲಿಗೆಯನ್ನೂ ಎಳೆದೆಳೆದು ನೋಡುತ್ತಿದ್ದರು. ಇಷ್ಟೇಕೆಂದು ನಾನು ಕೇಳಿದಾಗ ಅವರು ಜನರಲ್ ಸ್ಲೋಕಮ್ ಎಂಬ ಹಬೆಹಡಗಿನ ಕಥೆ ಹೇಳಿದರು. 1904ರ ಜೂನ್ 15ರಂದು ಚರ್ಚೊಂದರ ವಿಹಾರಕ್ಕೆ ಹೊರಟ ಹೆಂಗಸರೂ ಮಕ್ಕಳೂ ತುಂಬಿದ್ದ ಆ ಹಡಗಿಗೆ ಈಸ್ಟ್ ರಿವರಿನಲ್ಲಿಯೇ ಬೆಂಕಿ ಬಿತ್ತು. ನೀರು ಹಾಯಿಸುವ ಕೊಳವೆಗಳು ಜೀರ್ಣವಾಗಿದ್ದವು. ಜೀವ ಉಳಿಸಬೇಕಾದ ಬೆಂಡಿನ ಅಂಗಿಗಳು ಹರಿದು ಪುಡಿಯಾದವು. ದಡ ಕಣ್ಣೆದುರಿಗಿರುವಂತೆಯೇ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪಯ್ಯ ಮೆಟ್ಟಿಲಿಳಿದು ಬಂದು ಜಾಕೆಟುಗಳನ್ನು ಎಣಿಸಿದರು. ಅಕ್ಕ, ಭಾವ, ಮಕ್ಕಳಿಬ್ಬರು, ನಾನು; ಐದು ಜನ. ಜಾಕೆಟುಗಳು ಆರು. "ಇದು ಯಾರಿಗೆ?" ಎಂದರು. "ನಿಮಗೆ" ಎಂದರು ಭಾವನವರು. ಅಪ್ಪಯ್ಯ ಅದನ್ನೆತ್ತಿ ಹಾಕಿಕೊಂಡು, ಪಟ್ಟಿಯನ್ನು ಎಳೆದು ಬಿಗಿದು ನೋಡಿದರು. ಒಪ್ಪಿಗೆಯೆಂದು ನಾವು ತಿಳಿದುಕೊಂಡೆವು.

ಭಾನುವಾರ ಚಿತ್ರಾನ್ನ, ಒಗ್ಗರಣೆ ಅವಲಕ್ಕಿಗಳ ಡಬ್ಬಿಗಳೊಡನೆ ಹೊರಟೆವು. ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯಾದ ಬ್ಯಾಟರಿಯನ್ನು ಬಳಸಿ ಈಸ್ಟ್ ರಿವರನ್ನು ಹೊಕ್ಕಾಗ ಗಂಟೆ ನಾಲ್ಕು ಹತ್ತು. ಮೊದಲು ಬಂದದ್ದು 1883ರ ಬ್ರೂಕ್ಲಿನ್ ಸೇತುವೆ. ಅದನ್ನು ಕಟ್ಟಿಸುತ್ತಿದ್ದ ವಾಷಿಂಗ್ಟನ್ ರೋಬ್ಲಿಂಗ್ ನದಿಯಡಿಯ ಕೆಲಸದಿಂದ ರೋಗಕ್ಕೀಡಾಗಿ ಹಾಸಿಗೆ ಹಿಡಿದಾಗ, ಅವನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸಿ ನಿಭಾಯಿಸಿದವಳು ಹೆಂಡತಿ ಎಮಿಲಿ. ರಸ್ತೆಯಿಂದ ನೋಡುವವರಿಗೆ ಸೇತುವೆ ಒಂದು ದಾರಿ. ಕೆಳಗಿನಿಂದ ನೋಡುವವರಿಗೆ ಮಾತ್ರ ಅದು ಎಷ್ಟು ಭಾರವನ್ನು ಹೊತ್ತಿದೆಯೆಂಬುದು ತಿಳಿಯುತ್ತದೆ. ಹಿಂದೆಯೇ 1909ರ ಮ್ಯಾನ್‌ಹಟನ್ ಸೇತುವೆ, 1903ರ ವಿಲಿಯಮ್ಸ್‌ಬರ್ಗ್ ಸೇತುವೆ, ವಿಶ್ವಸಂಸ್ಥೆಯ ಗಾಜಿನ ಭವನ. ಪ್ರಯಾಣಿಕರ ಫೆರಿ ದೋಣಿಗಳು ಹಾಯ್ದಾಗ ಎದ್ದ ಅಲೆಗಳಿಗೆ ನೌಕೆ ಹೊಯ್ದಾಡಿತು. ಅಪ್ಪಯ್ಯ ಕಂಬಿಯನ್ನು ಹಿಡಿದವರು ಬಿಡಲಿಲ್ಲ. ಕಟ್ಟಡಗಳನ್ನೂ ನೋಡಲಿಲ್ಲ, ನೀರನ್ನೇ ನೋಡುತ್ತಿದ್ದರು.

ಹೆಲ್ ಗೇಟಿನ ಅಂಚಿಗೆ ಬಂದಾಗ ಭಾವನವರು ಎಂಜಿನ್ನಿನ ವೇಗವನ್ನು ತಗ್ಗಿಸಿದರು. ಬಲಗಡೆ ದೂರದಲ್ಲಿ 1916ರ ರೈಲುಸೇತುವೆಯ ದೊಡ್ಡ ಕಮಾನು. ಮುಂದೆ ನೀರಿನ ಮೇಲೆ ಅಲ್ಲಲ್ಲಿ ಸಣ್ಣ ಸುಳಿಗಳು. ನೌಕೆಯ ಮೂತಿ ಒಮ್ಮೆ ಬಲಕ್ಕೆ ವಾಲಿತು, ಭಾವನವರು ಚುಕ್ಕಾಣಿಯನ್ನು ತಿರುವಿ ಸರಿಪಡಿಸಿದರು. ಮಕ್ಕಳು ಮಾತು ನಿಲ್ಲಿಸಿದರು. "ಹೆದರಬೇಡಿ, ನೀರು ತಣಿದಿದೆ" ಎಂದರು ಅಪ್ಪಯ್ಯ. ಎಡಕ್ಕೆ ತಿರುಗಿ ಹಾರ್ಲೆಮನ್ನು ಹೊಕ್ಕೆವು.

ಹಾರ್ಲೆಮ್ ಶಾಂತವಾದ ನೀರು. ಅದರ ಮೇಲೆ 1848ರಲ್ಲಿ ಮುಗಿದ ಹೈ ಬ್ರಿಜ್ ನಿಂತಿದೆ. ಕ್ರೋಟನ್ ನದಿಯ ಸಿಹಿನೀರನ್ನು ನಗರಕ್ಕೆ ತರಲು ಕಟ್ಟಿದ ಈ ಸೇತುವೆ ನಗರದಲ್ಲಿ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು. ಬಹುಕಾಲ ಮುಚ್ಚಿದ್ದು 2015ರಲ್ಲಿ ಕಾಲ್ನಡಿಗೆಗೆ ಮತ್ತೆ ತೆರೆಯಿತು. ಮುಂದೆ ಮಾರ್ಬಲ್ ಹಿಲ್ ಬಡಾವಣೆ ಬಲಕ್ಕೆ ಬರುತ್ತದೆ. ಆಡಳಿತದ ಲೆಕ್ಕದಲ್ಲಿ ಅದು ಮ್ಯಾನ್‌ಹಟನ್ನಿಗೇ ಸೇರಿದ್ದು. ಆದರೆ 1895ರಲ್ಲಿ ಹಡಗುಗಳಿಗೆಂದು ತೋಡಿದ ಕಾಲುವೆ ಅದನ್ನು ದ್ವೀಪದಿಂದ ಕತ್ತರಿಸಿತು. ನಮ್ಮ ಸುತ್ತಿನಿಂದ ತಪ್ಪಿಸಿಕೊಂಡ ಮ್ಯಾನ್‌ಹಟನ್ ಅದು.

ಸ್ಪೈಟನ್ ಡೈವಿಲಿನಲ್ಲಿ ರೈಲು ಹೋಗುವವರೆಗೆ ಕಾದೆವು. ಇಪ್ಪತ್ತು ನಿಮಿಷ. ಅವಲಕ್ಕಿ ಖರ್ಚಾದದ್ದು ಆಗ. ಸೇತುವೆ ತಿರುಗಿ ಹಡ್ಸನ್ ಕಂಡಾಗ ಎಲ್ಲರೂ ಒಮ್ಮೆಗೇ ಎದ್ದು ನಿಂತೆವು. ಇಕ್ಕಟ್ಟಾದ ಓಣಿಯಿಂದ ಬಯಲಿಗೆ ಬಂದ ಹಾಗಾಯಿತು. ಇಳಿತ ಆಗತಾನೆ ಹಿಡಿದಿತ್ತು. ನದಿ ನಮ್ಮನ್ನು ತನ್ನೊಡನೆ ಕರೆದುಕೊಂಡಿತು.

1931ರ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬುಡದಲ್ಲಿ ಕೆಂಪು ಬಣ್ಣದ ಪುಟ್ಟ ದೀಪಸ್ತಂಭವೊಂದಿದೆ. ಸೇತುವೆಯ ದೀಪಗಳೆದುರು ಅದು ಅನಾವಶ್ಯಕವಾಯಿತೆಂದು ಮಾರಲು ಹೊರಟಾಗ, 1942ರಲ್ಲಿ ಬಂದ ಒಂದು ಮಕ್ಕಳ ಕಥೆಯಿಂದ ಅದನ್ನು ಪ್ರೀತಿಸಿದ್ದ ಮಕ್ಕಳು ಕೂಗೆಬ್ಬಿಸಿ ಉಳಿಸಿಕೊಂಡರು. ಅಲ್ಲಿಂದ ಕೆಳಗೆ ದಿಬ್ಬದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ ನೆಲೆ. 1913ರಲ್ಲಿ ಅಂಬೇಡ್ಕರರು ವಿದ್ಯಾರ್ಥಿಯಾಗಿ ಬಂದುದು ಅಲ್ಲಿಗೇ. ಇನ್ನೂ ಕೆಳಗೆ, 2009ರ ಜನವರಿ 15ರಂದು ಎಂಜಿನ್ನುಗಳು ಕೆಟ್ಟ ವಿಮಾನವೊಂದು ಇದೇ ನೀರಿನ ಮೇಲೆ ಇಳಿಯಿತು. ಫೆರಿ ದೋಣಿಗಳು ಧಾವಿಸಿ ಬಂದವು, 155 ಮಂದಿಯೂ ಬದುಕಿದರು. ಕೊನೆಗೆ ಸಂಜೆಯ ಬಿಸಿಲಿನಲ್ಲಿ, 1886ರಿಂದ ಬಂದರನ್ನು ಕಾಯುತ್ತಿರುವ ಸ್ವಾತಂತ್ರ್ಯದೇವಿಯ ವಿಗ್ರಹ. ಅಪ್ಪಯ್ಯ ಈಗ ಕಂಬಿಯನ್ನು ಬಿಟ್ಟು ಕೈಕಟ್ಟಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

ಸ್ವಂತದ ನೌಕೆಯಿದ್ದರೆ ಇಷ್ಟಬಂದಾಗ ಹೊರಡಬಹುದೆಂಬುದು ನಮ್ಮ ಕಲ್ಪನೆ. ನೌಕೆ ಸ್ವಂತದ್ದಾಗಬಹುದು, ಹೊತ್ತು ಸ್ವಂತದ್ದಲ್ಲ. ಬಂಡೆಯನ್ನೇ ಸಿಡಿಸಿದ ಆ ಮಹಾನಗರ ಕೂಡ ನೀರಿನ ಗಂಟೆಯನ್ನು ಬದಲಿಸಲಾರದೆ, ಅದನ್ನು ವರ್ಷವರ್ಷವೂ ಪುಸ್ತಕವಾಗಿ ಅಚ್ಚು ಹಾಕಿಸಿ ಓದುತ್ತಿದೆ. ಹೊನ್ನಾವರದ ಅಂಬಿಗನೂ ನ್ಯೂಯಾರ್ಕಿನ ನಾವಿಕನೂ ಕಲಿಯಬೇಕಾದ ಮೊದಲ ಪಾಠ ಒಂದೇ.

ಕಟ್ಟೆಗೆ ತಲಪಿ ಹಗ್ಗ ಬಿಗಿದಾಗ ಅಪ್ಪಯ್ಯ ಬಗ್ಗಿ ನೀರನ್ನು ಬೊಗಸೆಯಲ್ಲಿ ತೆಗೆದು ಸ್ವಲ್ಪ ಹೊತ್ತು ಹಿಡಿದಿದ್ದು, ಮತ್ತೆ ನದಿಗೇ ಬಿಟ್ಟರು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಜಾಕೆಟನ್ನು ಬಿಚ್ಚಿ ಭಾವನವರ ಕೈಗೆ ಕೊಡುತ್ತ ಅವರು ಹೇಳಿದರು:

"ನಾಳೆ ಐವತ್ತು ನಿಮಿಷ ತಡವಾಗಿ ಹೊರಡಬಹುದು, ಅಲ್ಲವೆ?"